ಮಳೆ ನೀರು ಹಿಡಿಯೋಕೂ ಒಂದು ಕ್ರಮ ಇದೆ

ಹೋದ ಹಿಂಗಾರಿನಲ್ಲಿ ಚಳ್ಳಕೆರೆಗೆ, ತಂಗಿ ಮನೆಗೆ ಹೋಗಿದ್ದೆ. ಜೋರು ಮಳೆ. ತಾರಸಿ ಪೈಪಿನಿಂದ ನೀರು ದಬದಬ ಅಂತ ಚರಂಡಿಗೆ ಬೀಳ್ತಾ ಇದೆ, ಒಳಗೆ ತಂಗಿ ಮಗ ಟ್ಯಾಂಕರಿಗೆ ಫೋನು ಮಾಡ್ತಾ ಕೂತಿದ್ದಾನೆ! ಹೊಟ್ಟೆ ಉರಿದುಹೋಯಿತು. ಬೈದ ಮೇಲೆ ಎದ್ದು ಡ್ರಮ್ಮು ತಂದಿಟ್ಟ. ಪಾಚಿ ಹಿಡಿದ ಡ್ರಮ್ಮು. ಬಟ್ಟೆ ಇಲ್ಲ, ಮುಚ್ಚಳ ಇಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಆದರೂ ಲೆಕ್ಕ ಹಾಕಿ. ಒಂದು ಚದರ ಮೀಟರ್ ತಾರಸಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಇದ್ದರೆ ವರ್ಷಕ್ಕೆ 50,000 ಲೀಟರ್. ಆರಿದ್ದು, ಸೋರಿದ್ದು ಕಳೆದರೂ ಒಂದು ಸಂಸಾರಕ್ಕೆ ಕುಡಿಯೋಕೆ, ಅಡಿಗೆಗೆ ಧಾರಾಳ. ಅದನ್ನು ಬಿಟ್ಟು ಬೋರಿನ ಹಿಂದೆ ಬೀಳುತ್ತೀರಿ. ಬೋರಿನದು ಗಡಸು ನೀರು, ಬೇಳೆ ಬೇಯಲ್ಲ. ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡು ಬೇರೆ, ಮಕ್ಕಳ ಹಲ್ಲು ಕಂದುಗಟ್ಟುತ್ತದೆ. 'ಕಾಯಿಸಿ ಕುಡೀತೀವಲ್ಲ' ಅನ್ನಬೇಡಿ. ಕಾಯಿಸಿದರೆ ರೋಗದ ಹುಳ ಸಾಯುತ್ತದೆ, ಫ್ಲೋರೈಡು ಹೋಗಲ್ಲ. ನೀರು ಇಂಗಿದಷ್ಟೂ ಅದು ಜಾಸ್ತಿಯೇ ಆಗುತ್ತದೆ.

ಮುಂಗಾರಿನ ಮೊದಲ ಮಳೆಗಳು ತಾರಸಿ ತೊಳೆಯೋಕೆ ಇರಲಿ. ಆ ನೀರು ಗಿಡಕ್ಕೆ, ಬಚ್ಚಲಿಗೆ. ಕುಡಿಯೋಕೆ ಹಸ್ತ, ಚಿತ್ತೆ, ಸ್ವಾತಿ ಮಳೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ ಬೀಳೋದು. ಅಷ್ಟು ಹೊತ್ತಿಗೆ ಧೂಳು ಅಡಗಿರುತ್ತದೆ. ನಮ್ಮದು ಮಣ್ಣಿನ ಮಾಳಿಗೆ ಮನೆಯಾಗಿತ್ತು, ಅದರ ನೀರು ಕುಡಿಯೋ ಹಾಗಿರಲಿಲ್ಲ. ಅಮ್ಮ ಸ್ವಾತಿ ಮಳೆಗೆ ಅಂಗಳದಲ್ಲಿ ನಾಲ್ಕು ಗೂಟಕ್ಕೆ ಅಪ್ಪನ ಬಿಳಿ ಪಂಚೆ ಕಟ್ಟುತ್ತಿದ್ದಳು. ನಡುವೆ ತೊಳೆದ ಒಂದು ಕಲ್ಲು, ಕೆಳಗೆ ಕೊಡಪಾನ. ರಾತ್ರಿ ಎದ್ದೆದ್ದು ಕೊಡ ಬದಲಾಯಿಸೋ ಕೆಲಸ ನನ್ನದು.

ಈಗ ತಾರಸಿ ಇದೆ, ಪಂಚೆ ಬೇಡ. ನೀರು ಸೋಸೋಕೆ ಡ್ರಮ್ಮಿನ ಬಾಯಿಗೆ ಸೀರೆ ಸಾಕು. ಆದರೆ ಎಂಥ ಸೀರೆ? ಹಳೇ ಹತ್ತಿ ಸೀರೆ, ಒಗೆದು ಒಗೆದು ಮೆತ್ತಗಾಗಿರಬೇಕು. ಹೊಸದರ ನೂಲಿನ ಸಂದು ಅಗಲ, ಗಂಜಿಯೂ ಇರುತ್ತದೆ. ಪಾಲಿಯೆಸ್ಟರ್ ಮುಟ್ಟಲೇಬೇಡಿ. ಎಂಟು ಪದರ ಮಡಚಿ. ನಾಲ್ಕಕ್ಕೇ ನಿಲ್ಲಿಸಿ ಆಯ್ತು ಅನ್ನುತ್ತಾಳೆ ನನ್ನ ಸೊಸೆ, ನಾನು ಬಿಚ್ಚಿಸಿ ಮತ್ತೆ ಮಡಚಿಸುತ್ತೇನೆ. ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಬೇಡಿ, ನೀರು ಚಿಮ್ಮಿ ಹೊರಗೆ ಹೋಗುತ್ತದೆ. ಅಂಗೈ ಗುಳಿಯಷ್ಟು ತಗ್ಗು ಇರಲಿ. ಮಳೆ ಶುರುವಾದ ತಕ್ಷಣ ಪೈಪು ತಿರುಗಿಸಬೇಡಿ. ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ ನೀರು ಹಿಡಿದು, ನೂರು ಎಣಿಸೋವರೆಗೆ ಹಾಗೇ ಇಡಿ. ತಳದಲ್ಲಿ ಗಸಿ ಕಂಡರೆ ಚೆಲ್ಲಿ ಮತ್ತೆ ಹಿಡಿಯಿರಿ. ಬಟ್ಟಲಿನ ತಳ ಬೆಳ್ಳಗೆ ಕಂಡಾಗಲೇ ಡ್ರಮ್ಮಿಗೆ ಬಿಡಿ. ಮಳೆ ನಿಂತ ಮೇಲೆ ಸೀರೆ ಬಿಚ್ಚಿ, ಒಳಮೈ ಹೊರಗೆ ಮಾಡಿ ಜಾಲಿಸಿ, ಬಿಸಿಲಿಗೆ ಹಾಕಿ. ಒದ್ದೆಯದನ್ನೇ ನಾಳೆ ಕಟ್ಟಿದರೆ ಇಷ್ಟು ಮಾಡಿದ್ದೆಲ್ಲ ದಂಡ.

   

ಡ್ರಮ್ಮು ಕತ್ತಲಲ್ಲಿರಲಿ, ಬೆಳಕು ಬಿದ್ದರೆ ಪಾಚಿ. ಮುಚ್ಚಳದ ಸಂದಿಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತದೆ. ಒಳಗೆ ಕೈ ಅದ್ದಬೇಡಿ, ಕೆಳಗೆ ನಲ್ಲಿ ಹಾಕಿಸಿ. ಈ ನೀರನ್ನು ಕಾಯಿಸಿಯೇ ಕುಡಿಯಿರಿ.

'ಈಗ ಡ್ಯಾಮು ತುಂಬಿದೆಯಲ್ಲ ದೊಡ್ಡಮ್ಮ' ಅಂದ ತಂಗಿ ಮಗ. ಹೌದಪ್ಪಾ, ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದನ್ನು ನಮ್ಮ ಮಾವ ಹೇಳುತ್ತಿದ್ದರು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಾನೂ ನೋಡಲು ಹೋಗಿ ಅತ್ತೆ. ಮರುವರ್ಷವೇ ಮಳೆ ಕೈಕೊಟ್ಟಿತು, ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಆ ಬರಗಾಲದಲ್ಲಿ ನಮ್ಮ ಮನೆಯಲ್ಲಿ ಯುಗಾದಿ ಹೋಳಿಗೆಗೆ ಬೇಳೆ ಬೇಯಿಸಿದ್ದು ಹಿಡಿದಿಟ್ಟ ಮಳೆ ನೀರಲ್ಲೇ.

ಹಸ್ತಕ್ಕೆ ಮುಂಚಿನ ಉತ್ತರೆ ಮಳೆ ಇರುವಾಗಲೇ ಡ್ರಮ್ಮು ತೊಳೆದಿಡಿ. ಸೋಪು ಬೇಡ, ವಾಸನೆ ಉಳಿಯುತ್ತದೆ. ತೆಂಗಿನ ನಾರು, ಒಂದು ಹಿಡಿ ಕಲ್ಲುಪ್ಪು, ಚೆನ್ನಾಗಿ ಉಜ್ಜಿ, ಬೋರಲು ಹಾಕಿ.