ಉಕಾಲೊ, ಒರಾಲೊ: ಅನ್ನಪೂರ್ಣ ಸುತ್ತಿನಲ್ಲಿ ನನ್ನ ಮಂಡಿ ಪಟ್ಟ ಪಾಡು

ನೇಪಾಳದ ಅನ್ನಪೂರ್ಣ ಪರ್ವತಗಳನ್ನು ಸುತ್ತಿ ಬರುವ ಕಾಲ್ನಡಿಗೆ, ಅಂದರೆ ಅನ್ನಪೂರ್ಣ ಸರ್ಕಿಟ್ ಮುಗಿಸಿ ಮೈಸೂರಿಗೆ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "5,416 ಮೀಟರ್ ಹತ್ತಿದ್ರಂತೆ, ಉಸಿರು ಕಟ್ಟಲಿಲ್ವಾ?" ಕಟ್ಟಿತು. ಆದರೆ ಅದು ಅರ್ಧ ದಿನದ ಮಾತು. ಮಂಡಿ ನೋವು ಒಂದೂವರೆ ತಿಂಗಳು ಇತ್ತು. ಇಳಿದದ್ದು ಹೇಗೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಅದಕ್ಕೇ ಇಲ್ಲಿ ಇಳಿದ ಕಥೆಯೇ ಜಾಸ್ತಿ ಇದೆ.

ತಪ್ಪು ಶುರುವಾಗಿದ್ದು ಊರಿನಲ್ಲೇ. ಹೊರಡುವ ಮುಂಚೆ ಮೂರು ತಿಂಗಳು, ವಾರಕ್ಕೆ ಮೂರು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಚಿಲ್ಲರೆ ಮೆಟ್ಟಿಲು, ಬ್ಯಾಗಿನಲ್ಲಿ ಎಂಟು ಕೆಜಿ ಅಕ್ಕಿ. ಕೊನೆ ಕೊನೆಗೆ ನಂದಿಯ ಹತ್ತಿರ ಕೂಡ ನಿಲ್ಲದೆ ಹತ್ತುತ್ತಿದ್ದೆ. ಮೇಲೆ ಹೋಗಿ, ಬೆವರು ಒರೆಸಿಕೊಂಡು, ಸಿಟಿ ಬಸ್ ಹತ್ತಿ ಕೆಳಗೆ ಬರುತ್ತಿದ್ದೆ. ಇಳಿಯೋದರಲ್ಲಿ ಏನಿದೆ, ಸುಮ್ನೆ ಆಫೀಸಿಗೆ ಲೇಟಾಗುತ್ತದೆ ಅಂತ.

ಇಳಿಯೋದರಲ್ಲೇ ಎಲ್ಲ ಇದೆ ಅಂತ ಆಮೇಲೆ ಗೊತ್ತಾಯಿತು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಈ ಬ್ರೇಕ್ ಕೆಲಸಕ್ಕೆ ಅಭ್ಯಾಸ ಇಲ್ಲದಿದ್ದರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ನೋವು ಅವತ್ತೇ ಕಾಣಿಸುವುದಿಲ್ಲ. ಮರುದಿನ ಶುರುವಾಗಿ ಅದರ ಮರುದಿನ ಜೋರಾಗುತ್ತದೆ. ಹೊರಡುವ ಮುಂಚೆ ನಾಲ್ಕಾರು ಸಲ ಭಾರ ಹೊತ್ತು ಇಳಿದಿದ್ದರೂ ಈ ಪೆಟ್ಟು ಎಷ್ಟೋ ಕಡಿಮೆಯಾಗುತ್ತಿತ್ತು. ನಾನು ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಟ್ಟು ಅದನ್ನು ತಪ್ಪಿಸಿಕೊಂಡಿದ್ದೆ.

ನಾವು ಹೋಗಿದ್ದು 2019ರ ನವೆಂಬರ್ ಶುರುವಿನಲ್ಲಿ. ನಾನು, ಒಬ್ಬ ಗೆಳೆಯ, ಲಮ್ಜುಂಗ್ ಕಡೆಯ ಒಬ್ಬ ಗೈಡ್. ನನ್ನ ಬ್ಯಾಗು ಒಂಬತ್ತು ಕೆಜಿ. ನಡಿಗೆ ಶುರುವಾಗುವ ಬೇಸಿಸಹರ್ 760 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಮ್ಮಿ ಮೈಸೂರಿನಷ್ಟೇ. ಅಲ್ಲಿಂದ ಮಾರ್ಸ್ಯಾಂಗ್ದಿ ನದಿ ಹಿಡಿದು ಮೇಲಕ್ಕೆ ಹೋಗಬೇಕು. ಮನಾಂಗ್ ತನಕ ಜೀಪ್ ರಸ್ತೆ ಆಗಿಬಿಟ್ಟಿದೆ. ಆದರೂ ಆಚೆ ದಡದಲ್ಲಿ ಕಲ್ಲುಗಳ ಮೇಲೆ ಕೆಂಪು-ಬಿಳಿ ಪಟ್ಟಿ ಬಳಿದ ಕಾಲುದಾರಿ ಇದೆ, ಅದನ್ನೇ ಹಿಡಿದೆವು. ಧಾರಾಪಾನಿ ದಾಟಿ ಸ್ವಲ್ಪ ಹೊತ್ತಿಗೆ ನಮ್ಮ ಮುಳ್ಳಯ್ಯನಗಿರಿಯ ಎತ್ತರ ಕೆಳಗೆ ಉಳಿಯಿತು. ಕರ್ನಾಟಕದ ತುತ್ತತುದಿ 1,930 ಮೀಟರ್. ಇಲ್ಲಿ ಆ ಎತ್ತರದಲ್ಲಿ ಜನ ಕೋಸು ಬೆಳೆಯುತ್ತಿದ್ದರು.

ಮೊದಲ ದಿನವೇ ಗೈಡ್ ಎರಡು ಪದ ಕಲಿಸಿದ. ಉಕಾಲೊ ಅಂದರೆ ಏರು. ಒರಾಲೊ ಅಂದರೆ ಇಳಿತ. "ಇವತ್ತು ದಾರಿ ಹೇಗೆ?" ಅಂದರೆ ದಿನಾ ಒಂದೇ ಉತ್ತರ: "ಅಲಿ ಉಕಾಲೊ, ಅಲಿ ಒರಾಲೊ." ಸ್ವಲ್ಪ ಏರು, ಸ್ವಲ್ಪ ಇಳಿತ. ಇದಕ್ಕೆ ಅವರು ತಮಾಷೆಗೆ ನೇಪಾಳಿ ಫ್ಲಾಟ್ ಅನ್ನುತ್ತಾರೆ. ಆ "ಅಲಿ"ಯನ್ನು ನಂಬಬೇಡಿ.

ಮೊದಲ ನಿಜವಾದ ಉಕಾಲೊ ಸಿಕ್ಕಿದ್ದು ಅಪ್ಪರ್ ಪಿಸಾಂಗ್ ಆದ ಮೇಲೆ. ಹಸಿರು ಬಣ್ಣದ ಪುಟ್ಟ ಕೆರೆ ದಾಟಿ, ತೂಗುಸೇತುವೆ ದಾಟಿ ತಲೆ ಎತ್ತಿದರೆ ಗೋಡೆಯ ಹಾಗೆ ಗುಡ್ಡ. ಅದರ ನೆತ್ತಿಯಲ್ಲಿ ಘ್ಯಾರು ಅನ್ನುವ ಕಲ್ಲಿನ ಹಳ್ಳಿ, 3,670 ಮೀಟರ್. ಸುಮಾರು 400 ಮೀಟರ್ ಏರನ್ನು ಅಂಕುಡೊಂಕು ದಾರಿಯಲ್ಲಿ ಹತ್ತಬೇಕು. ನಾನು ಚಾಮುಂಡಿ ಬೆಟ್ಟದ ಜೋರಿನಲ್ಲಿ ಹೊರಟೆ. ನಾಲ್ಕನೇ ತಿರುವಿಗೆ ಕಿವಿಯಲ್ಲಿ ಎದೆಬಡಿತ ಕೇಳತೊಡಗಿತು. ಹಿಂದಿನಿಂದ ಒಬ್ಬ ಮುದುಕ, ಹಣೆಗೆ ನಾಮ್ಲೊ ಪಟ್ಟಿ ಕಟ್ಟಿ ಬೆನ್ನ ಮೇಲೆ ಎರಡು ಪ್ಲೈವುಡ್ ಹಲಗೆ ಹೊತ್ತು, ನಿಧಾನವಾಗಿ ನನ್ನನ್ನು ದಾಟಿ ಹೋದ. ನಿಲ್ಲಲಿಲ್ಲ, ಜೋರೂ ಮಾಡಲಿಲ್ಲ. ಹೋಗುತ್ತಾ "ಬಿಸ್ತಾರೈ, ಬಿಸ್ತಾರೈ" ಅಂದ. ನಿಧಾನ, ನಿಧಾನ.

ಅವನ ಕಾಲನ್ನೇ ನೋಡುತ್ತಾ ಹತ್ತಿದೆ. ಹೆಜ್ಜೆ ಎಷ್ಟು ಚಿಕ್ಕದು ಅಂದರೆ ಒಂದು ಪಾದದ ಹಿಮ್ಮಡಿ ಇನ್ನೊಂದರ ತುದಿಯಿಂದ ಗೇಣು ದೂರವೂ ಇಲ್ಲ. ದೊಡ್ಡ ಕಲ್ಲಿದ್ದರೆ ಅದರ ಮೇಲೆ ಕಾಲಿಡುವುದಿಲ್ಲ, ಪಕ್ಕದ ಸಣ್ಣ ಕಲ್ಲು ಹುಡುಕುತ್ತಾನೆ. ಹಿಂದಿನ ಕಾಲು ನೆಟ್ಟಗೆ ಮಾಡಿ ಒಂದು ಕ್ಷಣ ಅದರ ಮೇಲೆ ನಿಂತು, ಆಮೇಲೆ ಮುಂದಿನ ಹೆಜ್ಜೆ. ಆ ಒಂದು ಕ್ಷಣ ಸ್ನಾಯುವಿಗೆ ಬಿಡುವು, ಭಾರ ಮೂಳೆಯ ಮೇಲೆ. ಹತ್ತುವ ವಿದ್ಯೆ ನನಗೆ ಬಂದಿದ್ದು ಅವನ ಕಾಲು ನೋಡಿಯೇ. ಮೇಲೆ ಘ್ಯಾರುವಿನಲ್ಲಿ ಕೂತು ಎದುರಿಗೆ ಅನ್ನಪೂರ್ಣ 2 ನೋಡುತ್ತಾ ಚಹಾ ಕುಡಿಯುವಾಗ ಅವನು ಹಲಗೆ ಇಳಿಸಿ ಬೀಡಿ ಹಚ್ಚುತ್ತಿದ್ದ.

ಮನಾಂಗ್‌ನಲ್ಲಿ ಎರಡು ರಾತ್ರಿ ನಿಂತೆವು. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್‌ನವರ ಪುಟ್ಟ ಆರೋಗ್ಯ ಕೇಂದ್ರ ಇದೆ. ಸೀಸನ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಡಾಕ್ಟರು ಎತ್ತರದ ಕಾಯಿಲೆ ಬಗ್ಗೆ ಮಾತಾಡುತ್ತಾರೆ, ತಪ್ಪಿಸಬೇಡಿ. 3,000 ಮೀಟರ್ ಮೇಲೆ ಹೋದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಮುಖ್ಯ ಮಾತು. ಆ ಲೆಕ್ಕದಲ್ಲೇ ಒಂದು ರಾತ್ರಿ ಯಾಕ್ ಖರ್ಕಾ, ಇನ್ನೊಂದು ರಾತ್ರಿ ಥೊರಾಂಗ್ ಫೇದಿ. ಫೇದಿ ಅಂದರೆ ಬೆಟ್ಟದ ಬುಡ. ಈ ಬುಡವೇ 4,450 ಮೀಟರ್.

ಫೇದಿಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಊಟದ ಕೋಣೆಯಲ್ಲಿ ಎಲ್ಲರ ಮಾತೂ ಹವಾಮಾನದ್ದೇ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಬಾಲ ಇಲ್ಲಿವರೆಗೂ ಬಂದಿತ್ತು. ಸುರಿದ ಹಿಮಕ್ಕೆ ಈ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಥೊರಾಂಗ್ ಲಾ ಪಾಸ್, ಅಂದರೆ ಬೆಟ್ಟಸಾಲು ದಾಟುವ 5,416 ಮೀಟರಿನ ದಾರಿಯ ನೆತ್ತಿ, ಅಲ್ಲಿ ತನಕ ಹೋಗಿ, ಇಳಿಯುವಾಗ ದಾರಿ ತಪ್ಪಿದವರೂ ಅದರಲ್ಲಿದ್ದರು. ಗೈಡ್ ಇದನ್ನು ಹೇಳಿ, ಬೆಳಿಗ್ಗೆ ನಾಲ್ಕಕ್ಕೆ ಹೊರಡೋಣ, ಹತ್ತು ಗಂಟೆ ಮೇಲೆ ಗಾಳಿ ಏಳುತ್ತದೆ ಅಂದ.

ಫೇದಿಯಿಂದ ಹೈ ಕ್ಯಾಂಪ್ ತನಕದ ಏರು ಇಡೀ ಸುತ್ತಿನಲ್ಲೇ ಅತಿ ಕಡಿದು. ಜಲ್ಲಿಕಲ್ಲಿನ ಇಳಿಜಾರು, ಸುಮಾರು 400 ಮೀಟರ್ ಎತ್ತರ. ಕತ್ತಲಲ್ಲಿ ಹೆಡ್‌ಲ್ಯಾಂಪ್‌ಗಳ ಸಾಲು ನೇರ ಆಕಾಶಕ್ಕೆ ಹೋದ ಹಾಗೆ ಕಾಣುತ್ತಿತ್ತು. ಒಂದು ಹೆಜ್ಜೆಗೆ ಎರಡು ಉಸಿರು. ಹೈ ಕ್ಯಾಂಪ್ ಆದ ಮೇಲೆ ಕಡಿದು ಕಡಿಮೆ, ಗಾಳಿ ಇನ್ನೂ ತೆಳು. ಇಲ್ಲಿ ಹಿಂಸೆ ಬೇರೆ ತರಹದ್ದು. ಅಗೋ ಅದೇ ಪಾಸ್ ಅಂತ ಹತ್ತಿದರೆ ಅದರ ಹಿಂದೆ ಇನ್ನೊಂದು ದಿಬ್ಬ. ಐದಾರು ಸಲ ಮೋಸ ಹೋದೆ. ಕುದುರೆಯವನೊಬ್ಬ ನಮ್ಮ ಹಿಂದೆಯೇ ಮೌನವಾಗಿ ಬರುತ್ತಿದ್ದ. ಯಾರು ಸೋಲುತ್ತಾರೆ ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ನನ್ನ ನೀರಿನ ಪೈಪು ಅಷ್ಟು ಹೊತ್ತಿಗೆ ಹೆಪ್ಪುಗಟ್ಟಿತ್ತು. ಗೆಳೆಯ ಬಾಟಲಿಯನ್ನು ತಲೆಕೆಳಗೆ ಇಟ್ಟುಕೊಂಡಿದ್ದ. ಮಂಜುಗಡ್ಡೆ ಮೇಲ್ಭಾಗದಲ್ಲಿ ಕಟ್ಟುವುದರಿಂದ, ತಿರುಗಿಸಿದಾಗ ಮುಚ್ಚಳದ ಕಡೆ ನೀರೇ ಇರುತ್ತದೆ. ಅವನದ್ದನ್ನೇ ಹಂಚಿಕೊಂಡು ಕುಡಿದೆವು.

ಎಂಟೂವರೆಗೆ ಥೊರಾಂಗ್ ಲಾ. ಬಣ್ಣಬಣ್ಣದ ಪ್ರಾರ್ಥನೆ ಪತಾಕೆಗಳ ರಾಶಿ, ಒಂದು ಬೋರ್ಡು, ಒಂದು ಚಹಾದ ಗೂಡು. ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಅರ್ಧ. ಫೋಟೋ ತೆಗೆಸಿಕೊಂಡೆ. ಅಲ್ಲಿ ಮಾಡಬೇಕಾಗಿದ್ದ ಒಂದೇ ಒಂದು ಕೆಲಸ ಮಾಡಲಿಲ್ಲ.

ಆ ಕೆಲಸ ಶೂ ಲೇಸು ಬಿಚ್ಚಿ ಬಿಗಿಯಾಗಿ ಕಟ್ಟುವುದು. ಹತ್ತುವಾಗ ಪಾದ ಬಾಗಬೇಕು, ಲೇಸು ಸಡಿಲ ಇದ್ದರೆ ಒಳ್ಳೆಯದು. ಇಳಿಯುವಾಗ ಹಿಮ್ಮಡಿ ಶೂ ಒಳಗೆ ಕಚ್ಚಿಕೊಂಡು ಕೂರಬೇಕು, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಗುದ್ದುತ್ತದೆ. ಇದೆಲ್ಲ ಗೊತ್ತಿತ್ತು. ಆದರೆ ಗ್ಲೌಸ್ ಬಿಚ್ಚಲು ಮನಸ್ಸಾಗಲಿಲ್ಲ. ಇನ್ನು ಇಳಿಯೋದು ತಾನೇ ಅಂದುಕೊಂಡೆ.

ಪಾಸ್‌ನಿಂದ ಮುಕ್ತಿನಾಥಕ್ಕೆ ಇಳಿತ ಸುಮಾರು 1,600 ಮೀಟರ್. ಅವತ್ತು ಆಗಲೇ ಸಾವಿರದ ಹತ್ತಿರ ಹತ್ತಿದ ಕಾಲಿನಲ್ಲಿ. ಪಡುವಣ ಮಗ್ಗುಲಿಗೆ ಬೆಳಗಿನ ಬಿಸಿಲು ಇನ್ನೂ ಬಿದ್ದಿರಲಿಲ್ಲ, ತುಳಿದು ತುಳಿದು ಹಿಮ ಗಾಜಿನ ಹಾಗೆ ಆಗಿತ್ತು. ಶೂಗೆ ಹಾಕುವ ಮೊಳೆಸರಪಳಿ ಇದ್ದದ್ದಕ್ಕೆ ಬಚಾವು. ಹಿಮ ಮುಗಿದ ಮೇಲೆ ಸಡಿಲ ಜಲ್ಲಿ. ಕಠ್ಮಂಡುವಿನ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡಿದ್ದ ವಾಕಿಂಗ್ ಪೋಲ್ ಅಲ್ಲಿ ಕೈಕೊಟ್ಟಿತು. ಇಳಿಯುವಾಗ ಪೋಲನ್ನು ಐದು-ಹತ್ತು ಸೆಂಟಿಮೀಟರ್ ಉದ್ದ ಮಾಡಬೇಕು, ಮಾಡಿದ್ದೆ. ಪೂರ್ತಿ ಭಾರ ಬಿಟ್ಟ ತಕ್ಷಣ ಲಾಕ್ ಜಾರಿ ಒಂದರೊಳಗೊಂದು ಹೋಯಿತು. ನಾನು ಬಲ ಮಂಡಿಯ ಮೇಲೆ ಬಿದ್ದೆ. ಪ್ಯಾಂಟು ಹರಿಯಲಿಲ್ಲ, ರಕ್ತವೂ ಬರಲಿಲ್ಲ. ಆದರೆ ಒಳಗೆ ಏನೋ ಚುಳುಕ್ ಅಂತು. ಇನ್ನೂ ಸಾವಿರ ಮೀಟರ್ ಬಾಕಿ.

ಎದುರಿಗೆ ಧವಳಗಿರಿ, ಕೆಳಗೆ ಮುಸ್ತಾಂಗ್‌ನ ಕಂದು ಬೆಟ್ಟಗಳು. ಅದನ್ನೆಲ್ಲ ನೋಡಿದ್ದು ಫೋಟೋದಲ್ಲೇ. ನಾನು ನೋಡುತ್ತಿದ್ದದ್ದು ಮುಂದಿನ ಎರಡು ಅಡಿ ನೆಲ. ಬೆರಳುಗಳು ಹೆಜ್ಜೆಗೊಂದು ಸಲ ಶೂಗೆ ಗುದ್ದುತ್ತಿದ್ದವು. ಚರಬು ಅನ್ನುವಲ್ಲಿ ಚಹಾದ ಮನೆ ಸಿಕ್ಕಿತು. ಆಗ ಲೇಸು ಬಿಗಿ ಮಾಡಿದೆ. ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಗೈಡ್ ನೋಡಿ, ನೇರ ಇಳಿಯಬೇಡ, ದಾರಿಯಲ್ಲೇ ಹಾವಿನ ಹಾಗೆ ಅಡ್ಡಡ್ಡ ಹೋಗು, ಮಂಡಿ ಸ್ವಲ್ಪ ಬಗ್ಗಿಸಿಯೇ ಇಡು, ಹಿಂದಕ್ಕೆ ವಾಲಬೇಡ ಅಂದ. ಹಿಂದಕ್ಕೆ ವಾಲಿದರೆ ಭದ್ರ ಅನ್ನಿಸುತ್ತದೆ, ಆದರೆ ಜಾರುವುದೇ ಆಗ.

ಮುಕ್ತಿನಾಥ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ದೇವಸ್ಥಾನದ ಹಿಂದೆ ಅರ್ಧಚಂದ್ರಾಕಾರದಲ್ಲಿ 108 ನೀರಿನ ಧಾರೆಗಳು. ಶ್ರೀವೈಷ್ಣವರಿಗೆ ಇದು ದಿವ್ಯದೇಶ, ಕೆಳಗೆ ಹರಿಯುವ ಕಾಳಿ ಗಂಡಕಿಯಲ್ಲಿ ಸಾಲಿಗ್ರಾಮ. ಹಾಗಾಗಿ ನಮ್ಮ ಕಡೆಯವರು ಸಿಗುವುದು ಆಶ್ಚರ್ಯವಲ್ಲ. ಆದರೂ ಹದಿಮೂರು ದಿನ ಆದ ಮೇಲೆ "ಅಯ್ಯೋ ರಾಮ, ಇನ್ನೂ ಎಷ್ಟು ಮೆಟ್ಟಿಲ್ರೀ?" ಅಂತ ಒಬ್ಬ ಅಜ್ಜಿಯ ಕನ್ನಡ ಕೇಳಿಸಿದಾಗ ಕಣ್ಣು ತುಂಬಿತು.

ಕೆಳಗಿನ ರಾಣಿಪೌವಾದಿಂದ ದೇವಸ್ಥಾನಕ್ಕೆ ಮೆಟ್ಟಿಲುಗಳಿವೆ. ಆ ಅಜ್ಜಿ ಪೊಖರಾದಿಂದ ಜೀಪಿನಲ್ಲಿ ಬಂದವರು. ಪೊಖರಾ 820 ಮೀಟರ್, ಇಲ್ಲಿ 3,800ರ ಹತ್ತಿರ. ಹತ್ತು ಮೆಟ್ಟಿಲಿಗೊಮ್ಮೆ ಕಂಬಿ ಹಿಡಿದು ಉಬ್ಬಸ ಬಿಡುತ್ತಿದ್ದರು. ನಾನು ಅದೇ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು, ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಇಳಿಯುತ್ತಿದ್ದೆ. ನನಗೆ ಉಸಿರಿತ್ತು, ಕಾಲಿರಲಿಲ್ಲ. ಅವರಿಗೆ ಕಾಲಿತ್ತು, ಉಸಿರಿರಲಿಲ್ಲ. ನಡುವೆ ಸಿಕ್ಕಾಗ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಈ ವಯಸ್ಸಿಗೇ?" ಅಂದರು. ಥೊರಾಂಗ್ ಲಾ ಕಥೆ ಹೇಳುವ ಧೈರ್ಯ ಆಗಲಿಲ್ಲ.

ಮುಂದೆ ಕಾಗ್ಬೇನಿ, ಜೋಮ್ಸೋಮ್. ಹನ್ನೊಂದು ಗಂಟೆ ಆದ ಮೇಲೆ ಕಾಳಿ ಗಂಡಕಿ ಕಣಿವೆಯಲ್ಲಿ ಎದುರುಗಾಳಿ ಮರಳು ಎರಚುತ್ತದೆ. ವಿಮಾನಗಳೂ ಬೆಳಿಗ್ಗೆಯಷ್ಟೇ ಹಾರುತ್ತವೆ. ಜೋಮ್ಸೋಮ್‌ನಿಂದ ತಾತೊಪಾನಿಗೆ ಜೀಪ್ ಹತ್ತಿದೆವು. ನಾಚಿಕೆ ಏನಿಲ್ಲ, ಆ ದಾರಿ ಆಗ ಬರೀ ಧೂಳು. ತಾತೊಪಾನಿಯ ಬಿಸಿನೀರಿನ ಬುಗ್ಗೆಯಲ್ಲಿ ಎರಡು ಸಂಜೆ ಮಂಡಿ ಮುಳುಗಿಸಿ ಕೂತೆ.

ತಾತೊಪಾನಿ 1,190, ಘೋರೆಪಾನಿ 2,860. ಒಂದೇ ದಿನದಲ್ಲಿ 1,670 ಮೀಟರ್ ಏರು. ಲೆಕ್ಕದಲ್ಲಿ ಇಡೀ ಸುತ್ತಿನ ಅತಿ ದೊಡ್ಡ ಹತ್ತುವಿಕೆ ಇದೇ. ತಮಾಷೆ ಅಂದರೆ ನನಗೆ ಇದು ಹಬ್ಬದ ಹಾಗಿತ್ತು. ಎತ್ತರಕ್ಕೆ ಒಗ್ಗಿದ ಎದೆಗೆ ಇಲ್ಲಿನ ಗಾಳಿ ಪಾಯಸ. ಹತ್ತುವಾಗ ಮಂಡಿಯೂ ಸುಮ್ಮನಿರುತ್ತಿತ್ತು. ಸಿಖಾದಲ್ಲಿ ದಾಲ್ ಭಾತ್ ಎರಡು ಸಲ ಹಾಕಿಸಿಕೊಂಡು, ಕತ್ತಲಾಗುವ ಮುಂಚೆ ಘೋರೆಪಾನಿ ಸೇರಿದೆ. ಬೆಳಿಗ್ಗೆ 3,210 ಮೀಟರಿನ ಪೂನ್ ಹಿಲ್‌ಗೂ ಹೋದೆ.

ಮುಗಿಯಿತು ಅಂದುಕೊಂಡೆ. ಆದರೆ ಘೋರೆಪಾನಿಯಿಂದ ಬೀರೇಠಾಂಟಿಗೆ 1,800 ಮೀಟರ್ ಇಳಿತ, ಥೊರಾಂಗ್ ಲಾಗಿಂತ ಜಾಸ್ತಿ. ಅದರಲ್ಲಿ ಉಲ್ಲೇರಿಯಿಂದ ಟಿಕೇಧುಂಗಾ ತನಕ ಮೂರು ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ಮೂರು ಚಾಮುಂಡಿ ಬೆಟ್ಟ, ಒಂದರ ಕೆಳಗೊಂದು. ಬಸ್ಸಿಲ್ಲ. ಮೆಟ್ಟಿಲುಗಳ ಎತ್ತರ ಒಂದರ ಹಾಗೆ ಒಂದಿಲ್ಲ, ಹೇಸರಗತ್ತೆಗಳು ತುಳಿದು ನಡು ಸವೆದಿದೆ. ಎದುರಿಗೆ ಹೇಸರಗತ್ತೆ ಬಂದರೆ ಬೆಟ್ಟದ ಕಡೆಗೆ ಒರಗಿ ನಿಲ್ಲಬೇಕು, ಕಣಿವೆಯ ಕಡೆ ನಿಂತರೆ ಮೂಟೆ ತಾಗಿ ಕೆಳಗೆ ಹೋಗುತ್ತೀರಿ.

ಈ ಸಲ ಲೇಸು ಬಿಗಿಯಿತ್ತು. ಮಂಡಿಗೆ ಪಟ್ಟಿ, ಗೈಡ್ ಕಡಿದುಕೊಟ್ಟ ಬಿದಿರಿನ ಕೋಲು. ಅದು ಜಾರಲಿಲ್ಲ. ಕೋಲು ಮೊದಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೆಯ ಕಾಲು. ಇನ್ನೂರು ಮೆಟ್ಟಿಲಿಗೊಮ್ಮೆ ಕೂರುವುದು. ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಮೇಲಕ್ಕೆ ಹತ್ತುತ್ತಿದ್ದ ಒಬ್ಬ ಹುಡುಗ ಏದುಸಿರು ಬಿಡುತ್ತಾ, "ಇಳಿಯೋರು ನೀವೇ ಅದೃಷ್ಟವಂತರು" ಅಂತ ಇಂಗ್ಲಿಷಿನಲ್ಲಿ ಹೇಳಿ ಹೋದ.

ಪೊಖರಾದಲ್ಲಿ ರೂಮು ಸಿಕ್ಕಿದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹತ್ತುವಾಗ ತೊಂದರೆ ಆಗಲಿಲ್ಲ. ರಾತ್ರಿ ಊಟಕ್ಕೆ ಇಳಿಯಬೇಕಲ್ಲ, ಮುಖ ಗೋಡೆಯ ಕಡೆ ಮಾಡಿ, ಕಂಬಿ ಹಿಡಿದು, ಏಣಿ ಇಳಿದ ಹಾಗೆ ಹಿಂದು ಹಿಂದಕ್ಕೆ ಇಳಿದೆ. ಕೆಳಗೆ ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತಿಯೂ ನೋಡದೆ ಕೇಳಿದ: "ಸರ್ಕಿಟ್?"