ಬೋರಿನ ನೀರು ಬಳಸೋದು ಬಿಟ್ಟ ಮೇಲೆ ಗಿಡದ ಹೇನು ಸತ್ತವು

"ಅಕ್ಕಾ, ಅಂಗಡಿ ಔಷಧಿಗೇ ಜಗ್ಗಲಾರದ ಹೇನು ನಿಮ್ಮ ಸಾಬೂನು ನೀರಿಗೆ ಸಾಯ್ತಾವೇನ್ರಿ?" ಅಂತ ಪಕ್ಕದ ಮನೆಯವರು ಕೇಳಿದ್ದರು. ಈ ಸಲ ಎಳ್ಳಮವಾಸ್ಯೆಗೆ ಅವರ ಮನೆ ಭಜ್ಜಿ ಪಲ್ಯಕ್ಕೂ ಅವರೆಕಾಯಿ ಹೋಗಿದ್ದು ನನ್ನ ಚಪ್ಪರದಿಂದಲೇ.

ನಮ್ಮದು ಕಲಬುರಗಿ ಜಿಲ್ಲೆಯ ಶಹಾಬಾದ್. ಹಿತ್ತಲಲ್ಲಿ ಅವರೆ ಬಳ್ಳಿ, ಅಲಸಂದಿ, ಒಂದು ಮಡಿ ಪುಂಡಿಪಲ್ಯ. ದೀಪಾವಳಿ ಮುಗಿದು ಚಳಿ ಬಿದ್ದರೆ ಸಾಕು, ಅವರೆ ಕುಡಿಗೆಲ್ಲ ಕರಿ ಹೇನು. ಮಸಿ ಮೆತ್ತಿದ ಹಾಗೆ. ಮುಟ್ಟಿದರೆ ಕೈಯೆಲ್ಲ ಅಂಟು. ಕೆಳಗಿನ ಎಲೆಗಳ ಮೇಲೆ ಕಪ್ಪು ಬೂಜು, ಹೂವು ಮುದುಡಿ ಉದುರೋದು. ಎರಡು ವರ್ಷ ಹಬ್ಬಕ್ಕೆ ಒಂದು ಕಾಯಿಯೂ ಸಿಗಲಿಲ್ಲ.

ಮೊದಲನೇ ವರ್ಷ ಅಂಗಡಿಯಿಂದ ಬಾಟಲಿ ತಂದೆ, ಸುಮಾರು 350 ರೂಪಾಯಿ. ಎರಡು ಸಲ ಹೊಡೆದೆ. ಹೇನು ಹೋದವು, ಅವನ್ನು ತಿನ್ನೋ ಗುಲಗಂಜಿ ಹುಳುಗಳೂ ಹೋದವು. ಹದಿನೈದು ದಿನಕ್ಕೆ ವಾಪಸ್ ಬಂದಿದ್ದು ಹೇನು ಮಾತ್ರ. ಆಮೇಲೆ ಬೇವಿನೆಣ್ಣೆ, ಬೆಳ್ಳುಳ್ಳಿ-ಹಸಿಮೆಣಸಿನಕಾಯಿ ರಸ, ಒಲೆ ಬೂದಿ, ಹುಳಿ ಮಜ್ಜಿಗೆ. ಮಜ್ಜಿಗೆಯಿಂದ ಹಿತ್ತಲು ನಾರಿತು, ಅಷ್ಟೇ. ಎಲ್ಲ ಸೇರಿ 1,200 ರೂಪಾಯಿ ಹತ್ತಿರ ಹೋಗಿರಬೇಕು. ಅಷ್ಟಕ್ಕೆ ಚಳಿಗಾಲ ಪೂರ್ತಿ ಸಂತೆಯ ಅವರೆಕಾಯಿ ಬರ್ತಿತ್ತು.

ಎರಡನೇ ವರ್ಷ ಸಾಬೂನು ನೀರೂ ಹೊಡೆದಿದ್ದೆ. ಕೆಲಸ ಮಾಡಲಿಲ್ಲ. ಬಕೆಟ್ಟಿನಲ್ಲಿ ಒಡೆದ ಹಾಲಿನ ಥರ ಬಿಳಿ ಬಿಳಿ ಚೂರು ತೇಲೋದು. ಪಂಪಿನ ಮೂತಿ ಕಟ್ಟಿಕೊಂಡು ಸೂಜಿ ಹಾಕಿ ಬಿಡಿಸಿ ಬಿಡಿಸಿ ಸಾಕಾಗೋದು. ಸಾಬೂನು ಕಡಿಮೆ ಆಯ್ತೇನೋ ಅಂತ ದುಪ್ಪಟ್ಟು ಹಾಕಿ, ಅದೂ ಹನ್ನೊಂದು ಗಂಟೆ ಬಿಸಿಲಲ್ಲಿ ಹೊಡೆದೆ. ಮರುದಿನ ಪುಂಡಿ ಎಲೆ ಅಂಚೆಲ್ಲ ಸುಟ್ಟು ಕಂದು ಬಣ್ಣ. ಒಂದು ಮಡಿ ಪಲ್ಯ ಕಿತ್ತು ಎಸೆಯಬೇಕಾಯಿತು. ಆ ದಿನ ಬಹಳ ಸಂಕಟವಾಗಿತ್ತು.

ದಾರಿ ತೋರಿಸಿದ್ದು ತೊಗರಿ ಬೇಳೆ. ನಮ್ಮ ಬೋರಿನ ನೀರಲ್ಲಿ ಬೇಳೆ ಬೇಯೋದಿಲ್ಲ, ಎಷ್ಟು ಸೀಟಿ ಹೊಡೆಸಿದರೂ ಗಟ್ಟಿ. ಅದಕ್ಕೇ ಸಾರಿಗೆ ಕ್ಯಾನಿನ ಫಿಲ್ಟರ್ ನೀರು ಹಾಕುತ್ತೇವೆ. ಒಂದು ದಿನ ಬೇಳೆ ಇಡುವಾಗ ಹೊಳೆಯಿತು: ಬೇಳೆ ಬೇಯದ ನೀರಲ್ಲಿ ಸಾಬೂನು ಹೇಗೆ ಕರಗೀತು? ನಮ್ಮ ಕಾಲಡಿ ಇರೋದೆಲ್ಲ ಫರಸಿ ಕಲ್ಲು. ಅದು ಸುಣ್ಣದ ಕಲ್ಲೇ ಅಲ್ವಾ? ಆ ಸುಣ್ಣವೇ ನೀರಲ್ಲಿ ಸಾಬೂನನ್ನು ಒಡೆಸುತ್ತಿತ್ತು. ಗಿಡಕ್ಕೆ ನಾನು ಹೊಡೆದಿದ್ದು ಸುಮ್ನೆ ಆ ಚೂರುಗಳನ್ನು.

ಈ ವರ್ಷ ಕ್ಯಾನಿನ ನೀರು, ಲೀಟರಿಗೆ ಸುಮಾರು 10 ಗ್ರಾಂ ಸಾಬೂನಿನ ತುರಿ. ಎಣ್ಣೆಯಿಂದ ಮಾಡಿದ ಬಾರ್ ಸಾಬೂನೇ ಆಗಬೇಕು, ಬಟ್ಟೆ ಪುಡಿ ಬೇಡ. ಸ್ವಲ್ಪ ಬಿಸಿ ನೀರಲ್ಲಿ ಕರಗಿಸಿ ಬೆರೆಸಿದೆ. ಒಂದು ಚೂರೂ ತೇಲಲಿಲ್ಲ. ಸಂಜೆ ಐದರ ಮೇಲೆ, ಎಲೆ ಮಗುಚಿ ಅಡಿಗೆ ಹೊಡೆದೆ. ನೀರು ಹೇನಿನ ಮೈಗೇ ತಾಗಬೇಕು, ಒಣಗಿದ ಮೇಲೆ ಅದರಿಂದ ಏನೂ ಉಪಯೋಗವಿಲ್ಲ. ಬೆಳಿಗ್ಗೆ ನೋಡಿದರೆ ಕುಡಿ ಮೇಲೆ ಒಣಗಿದ ಎಳ್ಳಿನ ಹಾಗೆ ಅಂಟಿದ್ದವು, ಉಜ್ಜಿದರೆ ಉದುರಿದವು. ನಾಲ್ಕೈದು ದಿನಕ್ಕೊಮ್ಮೆ ಮೂರು ಸಲ ಹೊಡೆಯಲೇಬೇಕು. ಉಳಿದ ನಾಲ್ಕು ಹೇನು ವಾರದಲ್ಲಿ ಮತ್ತೆ ಸಂಸಾರ ಹೂಡುತ್ತವೆ. ಒಟ್ಟು ಖರ್ಚು 60 ರೂಪಾಯಿ ದಾಟಿಲ್ಲ. ಸಾಬೂನಿನ ಜೊತೆ ಅಡುಗೆ ಮನೆಯ ಇನ್ನೊಂದು ಸಾಮಾನು ಒಂದು ಚಿಟಿಕೆ ಹಾಕುತ್ತೇನೆ. ಅದನ್ನು ಇನ್ನೊಂದು ಚಳಿಗಾಲ ನೋಡಿಯೇ ಹೇಳುತ್ತೇನೆ.

ಇರುವೆಗಳನ್ನು ಹಾಗೇ ಬಿಟ್ಟರೆ ಮಾತ್ರ ಕೆಲಸ ಹಾಳು. ಹೇನಿನ ಸಿಹಿ ಅಂಟಿಗಾಗಿ ಅವು ಗುಲಗಂಜಿ ಹುಳುಗಳನ್ನು ಹತ್ತಿರ ಬಿಡೋದಿಲ್ಲ. ಬಳ್ಳಿ ಬುಡಕ್ಕೂ ಚಪ್ಪರದ ಕಂಬಕ್ಕೂ ಹಳೇ ಬಟ್ಟೆ ಸುತ್ತಿ ಹರಳೆಣ್ಣೆ ಹಚ್ಚಿದೆ. ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು, ಧೂಳು ಕೂತರೆ ಇರುವೆ ದಾಟುತ್ತವೆ. ಗುಲಗಂಜಿ ಹುಳು ಕಂಡ ಕುಡಿಗೆ ನಾನು ಹೊಡೆಯೋದೇ ಇಲ್ಲ.

ಅಂಟುವಾಳ ಕಾಯಿಯನ್ನೂ ನೋಡಿದೆ. ಅದರ ನೊರೆ ಬೋರಿನ ನೀರಲ್ಲೂ ಒಡೆಯಲಿಲ್ಲ, ಅದು ಖುಷಿ. ಆದರೆ ಸತ್ತಿದ್ದು ಅರ್ಧದಷ್ಟೇ. ನೆನೆಸಿದ್ದು ಕಡಿಮೆಯಾಯಿತು ಅನಿಸುತ್ತದೆ, ಮತ್ತೆ ಮಾಡಬೇಕು. ತಮ್ಮನ ಹೊಲದಲ್ಲಿ ಕುಸುಬಿಗೆ ಇದೇ ಸಾಬೂನು ನೀರನ್ನು ನಾಲ್ಕು ಸಾಲು ಹೊಡೆಸಿದೆ. ಮುಳ್ಳಿನ ನಡುವೆ ಎಲೆ ಮಗುಚೋದು ಆಗೋ ಮಾತಲ್ಲ, ಎಕರೆಗಟ್ಟಲೆ ಬೆಳೆಗೆ ಇದು ಸಾಗಲ್ಲ. ಹಿತ್ತಲಿಗೆ, ಮಾಳಿಗೆ ಮೇಲಿನ ಕುಂಡಗಳಿಗೆ ಸರಿ.

ಬರೋ ಮಳೆಗಾಲಕ್ಕೆ ಮಾಳಿಗೆ ನೀರು ಹಿಡಿಯೋಕೆ ಡ್ರಮ್ ಇಡಿಸುತ್ತಿದ್ದೇನೆ, ಕ್ಯಾನಿನ ದುಡ್ಡೂ ಉಳಿಯುತ್ತದೆ. ಪಕ್ಕದ ಮನೆಯವರು ಆಗಲೇ ಒಂದು ತಂದಿಟ್ಟಿದ್ದಾರೆ, 200 ಲೀಟರಿನದು.