ಕೂತರೆ ಸಾಲದು, ಕೂಡಬೇಕು: ರೇಂಜ್‌ಫೈಂಡರ್ ಕ್ಯಾಮೆರಾಗೆ ಲೆನ್ಸ್ ಹೊಂದಿಸುವ ಬಗೆ

ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗೆ ಲೆನ್ಸ್ ಸರಿಹೊಂದದಿದ್ದರೆ ವ್ಯೂಫೈಂಡರ್‌ನಲ್ಲೇ ಮಸುಕು ಕಾಣುತ್ತದೆ, ಹುಷಾರಾಗಬಹುದು. ರೇಂಜ್‌ಫೈಂಡರ್‌ನಲ್ಲಿ ಆ ಅನುಕೂಲ ಇಲ್ಲ. ಕಣ್ಣು ನೋಡುವುದು ಪಕ್ಕದ ಬೇರೊಂದು ಕಿಟಕಿಯಿಂದ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಅಲ್ಲಿ ಎಲ್ಲವೂ ನಿಚ್ಚಳ. ತಪ್ಪು ಲೆನ್ಸ್ ಸಿಕ್ಕಿಸಿ 36 ಚಿತ್ರ ತೆಗೆದರೂ ಎಚ್ಚರಿಸುವವರು ಯಾರೂ ಇಲ್ಲ. ರೀಲು ತೊಳೆದ ದಿನವೇ ಬಣ್ಣ ಬಯಲಾಗುವುದು. ಹಾಗಾಗಿ ‘ಥ್ರೆಡ್ ಕೂರುತ್ತದೆಯೇ’ ಎಂಬ ಒಂದೇ ಪ್ರಶ್ನೆ ಕೇಳಿ ಲೆನ್ಸ್ ಕೊಂಡರೆ ಕೆಟ್ಟಂತೆಯೇ.

ಒಳಗೆ ನಡೆಯುವುದೇನು?

ಲೆನ್ಸ್ ಬಿಚ್ಚಿ ಬಾಡಿಯ ಬಾಯೊಳಗೆ ಇಣುಕಿ ನೋಡಿ. ಮೇಲ್ಭಾಗದಲ್ಲಿ ಒಂದು ಸಣ್ಣ ತೋಳು, ಅದರ ತುದಿಯಲ್ಲಿ ಪುಟ್ಟ ಗಾಲಿ ಕಾಣುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಸ್ಪ್ರಿಂಗ್ ಬಲಕ್ಕೆ ಮುಂದೆ ಬರುತ್ತದೆ. ಲೆನ್ಸಿನ ಹಿಂಬದಿಯಲ್ಲಿ ಈ ಗಾಲಿಗೆ ತಾಗುವ ಒಂದು ಲೋಹದ ಬಳೆ ಇರುತ್ತದೆ, ಅದೇ ಕ್ಯಾಮ್. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಕ್ಯಾಮ್ ಮುಂದೆ ಸರಿಯುತ್ತದೆ, ಗಾಲಿ ಅದನ್ನು ಹಿಂಬಾಲಿಸುತ್ತದೆ, ಆ ಚಲನೆಯಿಂದ ವ್ಯೂಫೈಂಡರ್‌ನ ನಡುವಿನ ಎರಡನೇ ಬಿಂಬ ಪಕ್ಕಕ್ಕೆ ಜರುಗುತ್ತದೆ. ಎರಡೂ ಬಿಂಬ ಒಂದಾದರೆ ಫೋಕಸ್ ಸಿಕ್ಕಿತೆಂದು ಲೆಕ್ಕ.

ತನ್ನ ಮೂತಿಗೆ ಯಾವ ಲೆನ್ಸ್ ಸಿಕ್ಕಿಸಿದ್ದಾರೆ ಎಂಬುದು ಬಾಡಿಗೆ ತಿಳಿಯದು. ಅದು ಅಳೆಯುವುದು ಗಾಲಿ ಎಷ್ಟು ಸರಿಯಿತು ಎಂಬುದನ್ನು ಮಾತ್ರ. ಲೈಕಾ ಪದ್ಧತಿಯಲ್ಲಿ ಈ ಅಳತೆಗೆ ಆಧಾರ 51.6 ಮಿ.ಮೀ. ಫೋಕಲ್ ಲೆಂಗ್ತ್ (ಲೆನ್ಸಿನ ಮೇಲೆ 35, 50, 90 ಎಂದು ಬರೆದಿರುವುದು ಈ ಅಳತೆಯನ್ನೇ). 50 ಎಂದು ಬರೆದ ಲೆನ್ಸಿನ ನಿಜ ಅಳತೆ ಸುಮಾರು ಇಷ್ಟೇ, ಅದರಲ್ಲಿ ಗಾಜು ಎಷ್ಟು ಸರಿಯುತ್ತದೋ ಕ್ಯಾಮ್ ಕೂಡ ಅಷ್ಟೇ ಸರಿಯುತ್ತದೆ. 35 ಅಥವಾ 90 ಆದರೆ ಗಾಜಿನ ಓಟವೇ ಬೇರೆ, ಆದರೆ ಗಾಲಿಗೆ ಮಾತ್ರ 51.6ರ ಲೆಕ್ಕವನ್ನೇ ಒಪ್ಪಿಸಬೇಕು. ಅದಕ್ಕಾಗಿ ಕ್ಯಾಮಿನ ಅಂಚನ್ನು ಓರೆಯಾಗಿ ಕೊರೆದಿರುತ್ತಾರೆ, ಇಲ್ಲವೇ ಅದಕ್ಕೆ ಬೇರೆಯದೇ ತಿರುಪು ಕೊಟ್ಟಿರುತ್ತಾರೆ.

ಹೀಗಾಗಿ ಲೆನ್ಸ್ ‘ಹೊಂದಿತು’ ಎನ್ನಲು ಮೂರು ಸಂಗತಿ ಕೂಡಿಬರಬೇಕು: ಹಿಡಿತ (ಸುತ್ತಿ ಕೂರಿಸುವ ಥ್ರೆಡ್ ಅಥವಾ ಹಲ್ಲು ಸಿಕ್ಕಿಸಿ ತಿರುಗಿಸುವ ಬಯೋನೆಟ್), ಮೌಂಟಿನ, ಅಂದರೆ ಲೆನ್ಸ್ ಕೂರುವ ಬಾಯಿಯ, ಮುಖದಿಂದ ಫಿಲ್ಮಿಗಿರುವ ದೂರ, ಮತ್ತು ಕ್ಯಾಮಿನ ಲೆಕ್ಕ.

ಹಂತ 1: ಮೌಂಟ್ ಯಾವುದೆಂದು ಗುರುತಿಸಿ

39 ಮಿ.ಮೀ. ಥ್ರೆಡ್: ಲೈಕಾ 1930ರಲ್ಲಿ ಬದಲಾಯಿಸಬಹುದಾದ ಲೆನ್ಸ್ ತಂದಾಗ ಪ್ರತಿ ಲೆನ್ಸನ್ನೂ ಆಯಾ ಬಾಡಿಗೇ ಹೊಂದಿಸಿ ಕೊಡುತ್ತಿದ್ದರು. 1931ರಲ್ಲಿ ದೂರ 28.8 ಮಿ.ಮೀ. ಎಂದು ನಿಗದಿಯಾಯಿತು, 1932ರ ಲೈಕಾ 2ರಲ್ಲಿ ರೇಂಜ್‌ಫೈಂಡರ್ ಲೆನ್ಸಿನೊಂದಿಗೆ ಜೋಡಣೆಯಾಯಿತು. ಇಂಚಿಗೆ 26 ಸುತ್ತಿನ ಥ್ರೆಡ್. ಕ್ಯಾನನ್, ಫೆಡ್, ಜೋರ್ಕಿ, ವಾಯ್ಟ್‌ಲ್ಯಾಂಡರ್ ಬೆಸ್ಸಾ ಆರ್ ಎಲ್ಲ ಇದೇ ಬಳಗ.

ಲೈಕಾ ಎಂ: 1954ರ ಎಂ3ಯೊಂದಿಗೆ ಬಂದ ನಾಲ್ಕು ಹಲ್ಲಿನ ಬಯೋನೆಟ್. ದೂರ 27.8 ಮಿ.ಮೀ. ಥ್ರೆಡ್ಡಿಗಿಂತ ಸರಿಯಾಗಿ 1 ಮಿ.ಮೀ. ಕಡಿಮೆ ಇಟ್ಟದ್ದು ಜಾಣತನ, 1 ಮಿ.ಮೀ. ದಪ್ಪದ ಬಳೆಯೊಂದನ್ನು ನಡುವೆ ಇಟ್ಟರೆ ಹಳೆಯ ಥ್ರೆಡ್ ಲೆನ್ಸ್‌ಗಳೆಲ್ಲ ಇದಕ್ಕೂ ಆಗುತ್ತವೆ.

ಕಾಂಟಾಕ್ಸ್, ಕೀವ್, ನಿಕಾನ್ ಎಸ್: ಇಲ್ಲಿ 50ರ ಲೆನ್ಸಿಗೆ ಫೋಕಸ್ ತಿರುಪೇ ಇಲ್ಲ, ಅದು ಬಾಡಿಯಲ್ಲೇ ಇದೆ. ಒಳಗಿನ ಬಯೋನೆಟ್ 50ಕ್ಕೆ, ಹೊರಗಿನದು ಉಳಿದವಕ್ಕೆ. ನಿಕಾನ್ ಲೆನ್ಸ್ ಕಾಂಟಾಕ್ಸ್‌ಗೆ ಸಲೀಸಾಗಿ ಕೂರುತ್ತದೆ. ಆದರೆ ಕಾಂಟಾಕ್ಸ್ ಲೆಕ್ಕ 52.4 ಮಿ.ಮೀ., ನಿಕಾನ್ ಲೆಕ್ಕ 51.6. ವೈಡ್ ಲೆನ್ಸ್‌ಗಳಲ್ಲಿ ಈ ವ್ಯತ್ಯಾಸವನ್ನು ಡೆಪ್ತ್ ಆಫ್ ಫೀಲ್ಡ್ (ಒಮ್ಮೆಗೇ ಸ್ಪಷ್ಟವಾಗಿ ಮೂಡುವ ಆಳ) ನುಂಗಿಹಾಕುತ್ತದೆ. 85ರಿಂದ ಮೇಲಕ್ಕೆ ಹತ್ತಿರದ ಚಿತ್ರಗಳು ಕೈಕೊಡುತ್ತವೆ.

ಹೊಸಬರು ಹೆಚ್ಚು ಬೀಳುವ ಗುಂಡಿ ಇನ್ನೊಂದಿದೆ. ಹಳೆಯ ಜೆನಿಟ್ ಎಸ್‌ಎಲ್‌ಆರ್ ಲೆನ್ಸ್‌ಗಳಿಗೂ 39 ಮಿ.ಮೀ. ಥ್ರೆಡ್ಡೇ ಇದೆ, ಆದರೆ ಅವುಗಳ ದೂರ 45.2 ಮಿ.ಮೀ. ರೇಂಜ್‌ಫೈಂಡರ್‌ಗೆ ತಿರುಗಿಸಿದರೆ ಲೆನ್ಸ್ ಫಿಲ್ಮಿಗೆ 16.4 ಮಿ.ಮೀ. ಹೆಚ್ಚು ಹತ್ತಿರ ಕೂತು, ಯಾವ ದೂರದ್ದೂ ಸ್ಪಷ್ಟವಾಗುವುದಿಲ್ಲ. ಇಂಡಸ್ಟಾರ್-50 ಎಂಬ ಹೆಸರಿನಲ್ಲೇ ಎರಡೂ ಬಗೆ ಸಿಗುವುದರಿಂದ ಹೆಸರು ಓದಿ ನಂಬಬೇಡಿ. ಲೆನ್ಸ್ ಮಗುಚಿ ಹಿಂಬದಿ ನೋಡಿ. ಫೋಕಸ್ ತಿರುಗಿಸಿದಾಗ ಒಳಗೆ-ಹೊರಗೆ ಸರಿಯುವ ಬಳೆ ಅಥವಾ ನಾಲಿಗೆ ಇದ್ದರೆ ರೇಂಜ್‌ಫೈಂಡರ್‌ನದ್ದು. ನೆಗೆಟಿವನ್ನು ಹಿಗ್ಗಿಸಿ ಮುದ್ರಿಸುವ ಎನ್‌ಲಾರ್ಜರ್ ಯಂತ್ರದ ಲೆನ್ಸಿಗೂ ಹಲವು ಸಲ ಇದೇ ಥ್ರೆಡ್ ಇರುತ್ತದೆ. ಅದಕ್ಕಂತೂ ಫೋಕಸ್ ತಿರುಪೇ ಇರುವುದಿಲ್ಲ.

ಹಂತ 2: ಹಾಕುವ ಮುನ್ನ ಹಿಂಬದಿಯ ಗಾಜು ನೋಡಿ

ಜುಪಿಟರ್-12ನಂಥ 35 ಮಿ.ಮೀ. ಲೆನ್ಸಿನ ಹಿಂಗಾಜು ಗುಮ್ಮಟದಂತೆ ಬಾಡಿಯೊಳಕ್ಕೆ ಚಾಚಿಕೊಂಡಿರುತ್ತದೆ. ಒಳಗೆ ಬೆಳಕುತಡೆ ಕಿರಿದಾಗಿರುವ ಬಾಡಿಗಳಲ್ಲಿ ಗಾಜು ಲೋಹಕ್ಕೆ ಉಜ್ಜುತ್ತದೆ. 1971ರ ಲೈಕಾ ಎಂ5 ಮತ್ತು 1973ರ ಲೈಕಾ ಸಿಎಲ್‌ಗಳಲ್ಲಿ ಲೈಟ್ ಮೀಟರಿನ ತೋಳು ಲೆನ್ಸಿನ ಹಿಂದೆಯೇ ಏಳುತ್ತದೆ, ಆಳಕ್ಕೆ ಹೋಗುವ ಲೆನ್ಸ್ ಹಾಕಿದರೆ ಅದಕ್ಕೇ ಪೆಟ್ಟು. ಒಳಕ್ಕೆ ಮಡಚುವ ಲೆನ್ಸ್‌ಗಳನ್ನೂ ಈ ಎರಡರಲ್ಲಿ ಮಡಚಬಾರದು. ಬಾಡಿಯ ಬಾಯಿಯ ಆಳವನ್ನು ಕಾಗದದ ಪಟ್ಟಿಯಿಂದ ಅಂದಾಜು ಮಾಡಿ, ಲೆನ್ಸಿನ ಚಾಚನ್ನು ಅದಕ್ಕೆ ಹೋಲಿಸಿ. ಅನುಮಾನ ಬಂದರೆ ಹಾಕಬೇಡಿ.

ಫೆಡ್, ಜೋರ್ಕಿಗಳಲ್ಲಿ ಗಾಲಿಯ ಬದಲು ಬೆಣೆಯಂಥ ಬೆರಳು ಇರುವುದುಂಟು. ಪೂರ್ತಿ ಬಳೆಯಿರುವ ಲೆನ್ಸ್‌ಗೆ ತೊಂದರೆಯಿಲ್ಲ. ಓರೆ ನಾಲಿಗೆಯ ಕ್ಯಾಮ್ ಇದ್ದರೆ ಬೆಣೆ ಅದರ ಪಕ್ಕಕ್ಕೆ ಸಿಕ್ಕಿಕೊಂಡೀತು.

ಹಂತ 3: ಹಾಕುವುದು, ಬಿಚ್ಚುವುದು

ನೆರಳಿನಲ್ಲಿ, ಕ್ಯಾಮೆರಾದ ಬಾಯಿ ಕೆಳಮುಖವಾಗಿರುವಂತೆ ಹಿಡಿದು ಬದಲಾಯಿಸಿ. ಒಳಗೆ ರೀಲಿದ್ದರೂ ಚಿಂತೆಯಿಲ್ಲ, ಶಟರ್ ಪರದೆ ಬೆಳಕು ತಡೆಯುತ್ತದೆ. ಆ ಪರದೆಗೆ ಮಾತ್ರ ಬೆರಳು ತಾಗಿಸಬೇಡಿ.

ಥ್ರೆಡ್ ಲೆನ್ಸಾದರೆ ಇನ್ಫಿನಿಟಿಗೆ (ಅತಿ ದೂರದ ಫೋಕಸ್ ಗುರುತಿಗೆ) ಇಟ್ಟು, ಬುಡದ ಬಳೆಯನ್ನು ಹಿಡಿಯಿರಿ, ಫೋಕಸ್ ಬಳೆಯನ್ನಲ್ಲ. ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ‘ಟಕ್’ ಎಂದು ಕೂದಲೆಳೆಯಷ್ಟು ಇಳಿದಂತೆ ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್‌ಗಳ ಬಾಯಿ ಎದುರುಬದುರಾಗುವುದು ಅಲ್ಲೇ. ಅಲ್ಲಿಂದ ಬಲಕ್ಕೆ ತಿರುಗಿಸಿ. ಮೊದಲ ಸುತ್ತಿನಲ್ಲೇ ಬಿಗಿ ಎನಿಸಿದರೆ ಥ್ರೆಡ್ ಓರೆಯಾಗಿ ಹಿಡಿದಿದೆ, ಹಿಂದಕ್ಕೆ ಬನ್ನಿ. ಬಾಡಿಯದು ಗಟ್ಟಿ ಲೋಹ, ಲೆನ್ಸಿನದು ಮೆದು ಅಲ್ಯುಮಿನಿಯಮ್ ಆಗಿದ್ದರೆ ಸೋಲುವುದು ಲೆನ್ಸೇ. ಕೊನೆಗೆ ಬೆರಳ ತುದಿಯ ಬಿಗಿ ಸಾಕು.

ಎಂ ಮೌಂಟ್‌ನಲ್ಲಿ ಲೆನ್ಸಿನ ಕೆಂಪು ಚುಕ್ಕೆಯನ್ನು ಬಾಡಿಯ ಬಿಡುಗಡೆ ಗುಂಡಿಗೆ ನೇರವಾಗಿಟ್ಟು, ಮುಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಕ್ಲಿಕ್ ಎನ್ನುವವರೆಗೆ ತಿರುಗಿಸಿ. ಕ್ಲಿಕ್ ಕೇಳದಿದ್ದರೆ ಲೆನ್ಸ್ ಬಿಗಿಯಾಗಿದ್ದಂತೆ ತೋರಿದರೂ ನಂಬಬೇಡಿ.

ಕಾಂಟಾಕ್ಸ್ ಬಳಗಕ್ಕೆ ಒಂದೇ ಕಟ್ಟುನಿಟ್ಟು: ಹಾಕುವಾಗಲೂ ತೆಗೆಯುವಾಗಲೂ ಬಾಡಿಯ ತಿರುಪು ಇನ್ಫಿನಿಟಿ ಬೀಗದಲ್ಲಿರಬೇಕು. ಹೊರ ಬಯೋನೆಟ್ಟಿನ ಲೆನ್ಸಾದರೆ ಅದೂ ಇನ್ಫಿನಿಟಿಯಲ್ಲೇ ಇರಬೇಕು. ಇಲ್ಲದಿದ್ದರೆ ಎರಡರ ಲೆಕ್ಕವೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಹಂತ 4: ಅಡಾಪ್ಟರ್ ಆರಿಸುವುದು

ಥ್ರೆಡ್ಡಿನಿಂದ ಎಂಗೆ ಹೋಗುವ ಅಡಾಪ್ಟರ್, ಅಂದರೆ ಮೇಲೆ ಹೇಳಿದ 1 ಮಿ.ಮೀ. ಬಳೆ, ಮೂರು ಬಗೆ: 28-90, 35-135, 50-75. ಹಿಡಿತಕ್ಕೆ ಮೂರೂ ಒಂದೇ. ವ್ಯತ್ಯಾಸ ಇರುವುದು ವ್ಯೂಫೈಂಡರ್‌ನಲ್ಲಿ ಯಾವ ಚೌಕಟ್ಟು ಮೂಡಬೇಕೆಂದು ಹೇಳುವ ಹಲ್ಲಿನ ಉದ್ದದಲ್ಲಿ. ನಿಮ್ಮ ಬಾಡಿಯಲ್ಲಿ ಆ ಚೌಕಟ್ಟು ಇದೆಯೇ ಎಂದೂ ನೋಡಿಕೊಳ್ಳಿ: ಎಂ3ರಲ್ಲಿ 50, 90, 135 ಮಾತ್ರ, ಎಂ2ರಲ್ಲಿ 35, 50, 90. ಎಂ3ಗೆ 35 ಹಾಕಿದರೆ ಮೇಲೆ ಸಿಕ್ಕಿಸುವ ಪ್ರತ್ಯೇಕ ಫೈಂಡರ್ ಬೇಕು, ಅಥವಾ ಬಾಡಿಯ ಕಿಟಕಿಗಳ ಮುಂದೆ ಕನ್ನಡಕದಂತೆ ನಿಲ್ಲುವ ಗಾಜುಗಳಿರುವ ಲೆನ್ಸೇ ಬೇಕು.

ಅಗ್ಗದ ಅಡಾಪ್ಟರ್‌ನ ದಪ್ಪ 1.05 ಮಿ.ಮೀ. ಇದೆ ಎಂದುಕೊಳ್ಳಿ. 50ರ ಲೆನ್ಸ್ ಹಾಕಿದಾಗ ಗಾಜು, ಕ್ಯಾಮ್ ಎರಡೂ 0.05 ಮುಂದೆ ಬರುತ್ತವೆ. ಲೆನ್ಸ್ ಇನ್ಫಿನಿಟಿ ಮುಟ್ಟದೆ ಸುಮಾರು 50 ಮೀಟರಿಗೇ ನಿಲ್ಲುತ್ತದೆ, ರೇಂಜ್‌ಫೈಂಡರ್ ಕೂಡ ಅದನ್ನೇ ತೋರಿಸುತ್ತದೆ, ಸುಳ್ಳಿಲ್ಲ. ಅದೇ ಬಳೆಗೆ 28 ಹಾಕಿದರೆ ಲೆನ್ಸ್ ನಿಲ್ಲುವುದು ಸುಮಾರು 16 ಮೀಟರಿಗೆ, ರೇಂಜ್‌ಫೈಂಡರ್ ಹೇಳುವುದು 50. ಹಾಗಾಗಿ ಅಡಾಪ್ಟರನ್ನು 50ರಲ್ಲಿ ಮಾತ್ರ ಪರೀಕ್ಷಿಸಿ ‘ಪಾಸ್’ ಮಾಡಬೇಡಿ. ಮೈಕ್ರೋಮೀಟರ್ ಸಿಕ್ಕರೆ ಬಳೆಯ ದಪ್ಪವನ್ನು ನಾಲ್ಕು ಕಡೆ ಅಳೆಯಿರಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಚಿತ್ರದ ಒಂದು ಪಕ್ಕ ಮಾತ್ರ ಮಸುಕಾಗುತ್ತದೆ.

ಹಂತ 5: ಪರೀಕ್ಷೆ

ಬೇಕಾದ್ದು: ಟ್ರೈಪಾಡ್, ಸ್ಕೇಲು, ಮ್ಯಾಟ್ ಸೆಲ್ಲೋಟೇಪ್ ಅಂಟಿಸಿದ ಸಣ್ಣ ಗಾಜಿನ ತುಂಡು, 8 ಅಥವಾ 10 ಪಟ್ಟು ಹಿಗ್ಗಿಸುವ ಲೂಪ್. ರೀಲಿಲ್ಲದ ಕ್ಯಾಮೆರಾದ ಹಿಂಬದಿ ತೆರೆಯಿರಿ. ಅಲ್ಲಿ ಎರಡು ಜೊತೆ ಹಳಿಗಳಿವೆ: ಹೊರಗಿನವು ಒತ್ತುಪಟ್ಟಿಗೆ, ಒಳಗಿನ ತಗ್ಗಿನವು ಫಿಲ್ಮಿಗೆ. ಗಾಜು ಕೂರಬೇಕಾದ್ದು ಒಳಗಿನ ಹಳಿಗಳ ಮೇಲೆ, ಟೇಪಿನ ಮುಖ ಲೆನ್ಸಿನ ಕಡೆಗೆ. ಹೊರಹಳಿಗೆ ಕೂರುವಷ್ಟು ಅಗಲದ ಗಾಜು ಬಳಸಿದರೆ ಪರೀಕ್ಷೆಯೇ ತಪ್ಪು. ಅಡಿಯಿಂದಷ್ಟೇ ರೀಲು ಹಾಕುವ ಹಳೆಯ ಥ್ರೆಡ್ ಲೈಕಾಗಳಲ್ಲಿ ಹಿಂಬದಿ ತೆರೆಯದು. ಅವಕ್ಕೆ ಒಂದು ರೀಲು ಬಲಿಕೊಟ್ಟೇ ಪರೀಕ್ಷಿಸಬೇಕು.

ಶಟರನ್ನು ‘ಬಿ’ಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತಿಗೆ) ಇಟ್ಟು ಕೇಬಲ್‌ನಿಂದ ತೆರೆದಿಡಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆಗೆಯಿರಿ. ಮೊದಲು ಇನ್ಫಿನಿಟಿ: ಕಿಲೋಮೀಟರಿನಾಚೆಯ ಗೋಪುರ ಅಥವಾ ಚಂದ್ರ. ಎರಡು ಬಿಂಬ ಅಡ್ಡಕ್ಕೂ ಉದ್ದಕ್ಕೂ ಒಂದಾಗಬೇಕು, ಲೂಪಿನಲ್ಲೂ ಚಿತ್ರ ಚೂಪಾಗಿರಬೇಕು. ಆಮೇಲೆ 1 ಮೀಟರ್: ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು, ನಡುವಿನ ಗೆರೆಗೆ ರೇಂಜ್‌ಫೈಂಡರ್‌ನಿಂದ ಫೋಕಸ್ ಮಾಡಿ, ಲೂಪಿನಲ್ಲಿ ಯಾವ ಗೆರೆ ಚೂಪಾಗಿದೆ ನೋಡಿ.

ಎಷ್ಟು ತಪ್ಪು ಸಹಿಸಬಹುದು? ಎಫ್/2ರಲ್ಲಿ (ಇದು ಅಪರ್ಚರಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) 50ರ ಲೆನ್ಸ್ 1 ಮೀಟರಿನಲ್ಲಿ ಸ್ಪಷ್ಟವಾಗಿ ಹಿಡಿಯುವ ಆಳ ಒಟ್ಟು ಸುಮಾರು 4.5 ಸೆಂ.ಮೀ. ಲೆನ್ಸ್ 0.1 ಮಿ.ಮೀ. ಆಚೀಚೆಯಾದರೆ ಫೋಕಸ್ ಸುಮಾರು 3.6 ಸೆಂ.ಮೀ. ಜರುಗುತ್ತದೆ, ಕಣ್ಣಿಗಿಟ್ಟ ಫೋಕಸ್ ಕಿವಿಗೆ ಹೋಗಲು ಇದು ಧಾರಾಳ. ಎಫ್/4ಕ್ಕೆ ಇಳಿಸಿದರೆ ಅದೇ ತಪ್ಪು ಬಹುಮಟ್ಟಿಗೆ ಮರೆಯಾಗುತ್ತದೆ.

ಹಂತ 6: ತಪ್ಪು ಯಾರದು?

ಎರಡು-ಮೂರು ಲೆನ್ಸ್ ಹಾಕಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ತಪ್ಪಿದರೆ ಬಾಡಿಯ ರೇಂಜ್‌ಫೈಂಡರ್ ಸರಿಪಡಿಸಬೇಕು. ಒಂದೇ ಲೆನ್ಸ್ ತಪ್ಪಿದರೆ ಬಾಡಿಯ ತಿರುಪಿಗೆ ಕೈಹಾಕಲೇಬೇಡಿ. ಒಂದು ಲೆನ್ಸಿಗೆ ತಕ್ಕಂತೆ ಬಾಡಿ ತಿರುಚಿದರೆ ಉಳಿದವೆಲ್ಲ ಕೆಡುತ್ತವೆ, ಆಮೇಲೆ ಮೂಲ ಎಲ್ಲಿತ್ತೆಂದು ಹುಡುಕುತ್ತಾ ಕೂರಬೇಕು.

ದೂರಕ್ಕೆ ಸರಿ, ಹತ್ತಿರಕ್ಕೆ ತಪ್ಪು ಎಂಬ ರೋಗ ಜುಪಿಟರ್-3 ಮತ್ತು ಜುಪಿಟರ್-8ರಲ್ಲಿ ಹೆಚ್ಚು. ಇವು ಕಾಂಟಾಕ್ಸ್ ವಂಶದವು, 52.4ರ ಲೆಕ್ಕ. 1 ಮೀಟರಿನಲ್ಲಿ ಇವು ಸುಮಾರು 2.90 ಮಿ.ಮೀ. ಮುಂದೆ ಬರಬೇಕು, ಲೈಕಾ ಬಾಡಿ 2.81ಕ್ಕೇ ‘ಸಿಕ್ಕಿತು’ ಎನ್ನುತ್ತದೆ. ಆ 0.09 ಕೊರತೆಗೆ ಫೋಕಸ್ ವಸ್ತುವಿನ ಹಿಂದೆ ಬೀಳುತ್ತದೆ. ಮದ್ದು ಶಿಮ್: ಗಾಜಿನ ಕೊಳವೆಗೂ ಫೋಕಸ್ ತಿರುಪಿಗೂ ನಡುವಿನ ತೆಳು ಬಳೆ. ಅದರ ದಪ್ಪ 0.1 ಹೆಚ್ಚಿಸಿದರೆ ಗಾಜು ಮಾತ್ರ ಮುಂದೆ ಬರುತ್ತದೆ, ಕ್ಯಾಮ್ ಇದ್ದಲ್ಲೇ ಇರುತ್ತದೆ. ಹತ್ತಿರದ್ದು ಸರಿಹೋಗುತ್ತದೆ, ಬದಲಿಗೆ ಇನ್ಫಿನಿಟಿ ಗುರುತಿನಲ್ಲಿ ಲೆನ್ಸ್ ನಿಜವಾಗಿ 27 ಮೀಟರಿಗೆ ನಿಂತಿರುತ್ತದೆ. ದೂರದ ದೃಶ್ಯಕ್ಕೆ ಎಫ್/5.6 ಇಟ್ಟುಕೊಂಡರಾಯಿತು. ಎರಡನ್ನೂ ಓಲೈಸುವವರು 0.05 ಸೇರಿಸಿ ನಿಲ್ಲಿಸುತ್ತಾರೆ. ಆದರೆ ಎಫ್/1.5 ಲೆನ್ಸನ್ನು ಮುಖಚಿತ್ರಕ್ಕೆಂದೇ ಇಟ್ಟುಕೊಂಡಿದ್ದರೆ ಪೂರ್ತಿ 0.1 ಹಾಕುವುದೇ ಮೇಲು.

ಉದ್ದದ ಲೆನ್ಸಿಗೆ ಬಾಡಿಯ ಶಕ್ತಿಯೂ ಬೇಕು. ರೇಂಜ್‌ಫೈಂಡರ್ ಕಿಟಕಿಗಳ ನಡುವಿನ ಅಂತರವನ್ನು ಫೈಂಡರ್‌ನ ಹಿಗ್ಗುವಿಕೆಯಿಂದ ಗುಣಿಸಿ, ಬರುವ ಸಂಖ್ಯೆ ಹೆಚ್ಚಿದಷ್ಟೂ ಫೋಕಸ್ ನಿಖರ. ಲೈಕಾ ಎಂ6ರಲ್ಲಿ 69.25 × 0.72, ಅಂದರೆ ಸುಮಾರು 50 ಮಿ.ಮೀ. ಬೆಸ್ಸಾ ಆರ್‌ನಲ್ಲಿ 37 × 0.68, ಅಂದರೆ 25. ಎರಡನೆಯದರಲ್ಲಿ 35ರ ಲೆನ್ಸ್ ನೆಮ್ಮದಿ, 90 ಎಫ್/2 ಜೂಜು: 1 ಮೀಟರಿನಲ್ಲಿ ಅದು ಹಿಡಿಯುವ ಆಳವೇ 1.4 ಸೆಂ.ಮೀ.

ಹಂತ 7: ಬಿಸಿಲು

ಕನ್ನಡಿ ಇಲ್ಲದ ಕಾರಣ ಲೆನ್ಸಿನ ಬೆಳಕು ನೇರ ಶಟರ್ ಪರದೆಗೆ ಬೀಳುತ್ತದೆ. ಇನ್ಫಿನಿಟಿಗೆ ಇಟ್ಟ, ಅಪರ್ಚರ್ ತೆರೆದ ಲೆನ್ಸ್ ಸೂರ್ಯನತ್ತ ಮುಖಮಾಡಿ ಕುಳಿತರೆ ಅದು ಭೂತಗನ್ನಡಿಯೇ. ಬಟ್ಟೆಯ ಪರದೆಯಲ್ಲಿ ತೂತು ಬೀಳುತ್ತದೆ. ಕ್ಯಾಮೆರಾ ಕುತ್ತಿಗೆಯಲ್ಲಿ ತೂಗಾಡುವಾಗ ಮುಚ್ಚಳ ಹಾಕಿ, ಮರೆಯುವ ಅಭ್ಯಾಸವಿದ್ದರೆ ಅಪರ್ಚರನ್ನು ಎಫ್/16ಕ್ಕೆ ಇಳಿಸಿ ಹತ್ತಿರದ ಫೋಕಸ್‌ಗೆ ತಿರುಗಿಸಿಡಿ. ಚಿತ್ರದಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿಳಿ ಚುಕ್ಕೆ ಬಂದರೆ ಲೆನ್ಸ್ ಬಿಚ್ಚಿ, ಕತ್ತಲೆ ಕೋಣೆಯಲ್ಲಿ ಬಾಡಿಯ ಬಾಯಿಗೆ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಶಟರ್ ಒಮ್ಮೆ ಏರಿಸಿ, ಒಮ್ಮೆ ಇಳಿಸಿ ಎರಡೂ ಪರದೆ ಪರೀಕ್ಷಿಸಿ. ಸೂಜಿಮೊನೆಯಷ್ಟು ತೂತಾದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣದ ಒಂದು ತೆಳು ಲೇಪ ಸಾಕು. ದಪ್ಪ ಬಳಿದರೆ ಪರದೆ ಬಿಗಿದು ಶಟರಿನ ವೇಗ ಕೆಡುತ್ತದೆ. ಅದಕ್ಕಿಂತ ದೊಡ್ಡದಾದರೆ ಪರದೆಯನ್ನೇ ಬದಲಾಯಿಸಬೇಕು.